ನಮ್ಮೂರು ನಮಗ್ಯಾಕ ಚೆಂದ?



ಒಂದು ಪ್ರಶ್ನೆ ಕೇಳತೀವಿ. ನಿಧಾನ ಯೋಚನೆ ಮಾಡಿ ಉತ್ತರ ಹೇಳ್ರಿ. ನಿಮ್ಮೂರು ನಿಮಗೆ ಯಾಕೆ ಚೆಂದ?

"ಹೊಲ ಮನಿ ಇಲ್ಲೇ ಐತಿ, ಅದಕ್ಕ" ಅಂತ ಒಬ್ಬರು ಹೇಳಬಹುದು. "ಬಾಗಿಲಾಗ ನಿಂತು ಕರದರ ನಾಕು ಮಂದಿ ಓಡಿ ಬರತಾರ" ಅಂತ ಇನ್ನೊಬ್ಬರು ಹೇಳಬಹುದು. "ನಮ್ಮ ಕೆರಿ ನೀರು ಬಾಳ ರುಚಿ" ಅಂತ ಮತ್ತೊಬ್ಬರು ಅಂದಾರು. "ಎಳ್ಳಮವಾಸಿ ದಿನ ಹೊಲದಾಗ ಕುಂತು ಉಣ್ಣೋ ಸುಖ ಬ್ಯಾರೆ ಎಲ್ಲೂ ಇಲ್ಲ" ಅಂತಲೂ ಯಾರಾದರೂ ಅಂದಾರು.

ಈ ಉತ್ತರಗಳನ್ನೆಲ್ಲ ಒಂದು ಕಡೆ ಇಟ್ಟು ನೋಡ್ರಿ. ಎರಡು ಮಾತು ಕಾಣುತ್ತವೆ. ಒಂದು ನೆಲ. ಇನ್ನೊಂದು ನೆರೆಹೊರೆ. ನೆಲ ಅಂದರೆ ಮಣ್ಣು, ನೀರು, ಬೆಳೆ, ಗಿಡ, ಹಕ್ಕಿ. ನೆರೆಹೊರೆ ಅಂದರೆ ನಮ್ಮ ಅಕ್ಕಪಕ್ಕದ ಜನ. ಈ ಎರಡೂ ಕೂಡಿದರೆ ಊರು.

ಪೇಟೆಯಲ್ಲಿ ಗೋಡೆಗೆ ಗೋಡೆ ಹತ್ತಿ ಮನೆಗಳು ಇರುತ್ತವೆ. ಆದರೆ ಎಷ್ಟೋ ಕಡೆ ಪಕ್ಕದ ಮನೆಯವರ ಹೆಸರು ಗೊತ್ತಿರುವುದಿಲ್ಲ. ಪೇಟೆಯ ಜನ ಈಗ ದುಡ್ಡು ಕೊಟ್ಟು ಹಳ್ಳಿಯಲ್ಲಿ ಎರಡು ದಿನ ಇದ್ದು ಹೋಗುತ್ತಾರೆ. ಹೊಲ ನೋಡುತ್ತಾರೆ. ರೊಟ್ಟಿ ಉಣ್ಣುತ್ತಾರೆ. ಅವರು ದುಡ್ಡು ಕೊಟ್ಟು ಹುಡುಕುವುದು ನಮ್ಮ ಹತ್ತಿರ ಇದೆ.

ಆದರೆ ಅದು ತಾನಾಗಿ ಉಳಿಯುತ್ತದೆಯೇ? ಇಲ್ಲ. ಅದನ್ನು ದಿನಾ ಯಾರೋ ಕೈಯಿಂದ ಕಾಯುತ್ತಾರೆ. ಯಾರು? ಹೇಗೆ? ಓದೋಣ ಬರ್ರಿ.

ಎರೆ ಮಣ್ಣು

ನವಲಗುಂದ ಅಂದರೆ ನವಿಲಿನ ಗುಡ್ಡ ಅಂತ ಹಿರಿಯರು ಹೇಳುತ್ತಾರೆ. ಊರಿನ ಗುಡ್ಡದಲ್ಲಿ ನವಿಲು ಇದ್ದವಂತೆ. ನವಲಗುಂದದ ಹೆಣ್ಣುಮಕ್ಕಳು ನೇಯುವ ಜಮಖಾನೆಯಲ್ಲೂ ನವಿಲು ಇದೆ. ಆ ಜಮಖಾನೆ ದೂರದೂರಕ್ಕೆ ಹೆಸರಾಗಿದೆ. ಈ ನೆಲದ ಹಕ್ಕಿ ಹೆಣ್ಣುಮಕ್ಕಳ ಕೈಯಿಂದ ನೂಲಿನಲ್ಲಿ ಬಂದು ಕೂತಿದೆ.

ಗುಡ್ಡ ಬಿಟ್ಟರೆ ಸುತ್ತ ಎಲ್ಲಾ ಬಯಲು. ಕಣ್ಣು ಹಾಯುವಷ್ಟು ದೂರ ಕಪ್ಪು ಎರೆ ಹೊಲ. ಅಣ್ಣಿಗೇರಿ, ಕುಂದಗೋಳದ ಕಡೆಯೂ ಹೀಗೇ. ಕಲಘಟಗಿ ಕಡೆ ಹೋದರೆ ಬೇರೆ. ಅಲ್ಲಿ ಗಿಡಗಂಟಿ ಹೆಚ್ಚು. ಭತ್ತದ ಗದ್ದೆ ಹೆಚ್ಚು.

ಹೊರಗಿನವರು ನಮ್ಮ ಬಯಲು ನೋಡಿ "ಏನದ ಇಲ್ಲಿ? ಒಂದು ನೆರಳಿಲ್ಲ" ಅನ್ನಬಹುದು. ಆದರೆ ಎರೆ ಮಣ್ಣಿನ ಗುಣ ನಮಗೆ ಗೊತ್ತು.

ಬ್ಯಾಸಗಿಯಲ್ಲಿ ಎರೆ ಹೊಲ ಬಿರಿಯುತ್ತದೆ. ಕೈ ಒಳಗೆ ಹೋಗುವಷ್ಟು ದೊಡ್ಡ ಬಿರುಕು ಬೀಳುತ್ತದೆ. ಯಾಕೆ? ಎರೆ ಮಣ್ಣು ಒಣಗಿದರೆ ಕುಗ್ಗುತ್ತದೆ. ನೆನೆದರೆ ಉಬ್ಬುತ್ತದೆ. ಮೊದಲ ಮಳೆ ಬಿದ್ದಾಗ ನೀರು ಬಿರುಕಿನಲ್ಲಿ ಹಾದು ಆಳಕ್ಕೆ ಇಳಿಯುತ್ತದೆ. ಆಮೇಲೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ನೀರು ಒಳಗೇ ಉಳಿಯುತ್ತದೆ. ಹೊಲವೇ ಒಂದು ದೊಡ್ಡ ನೀರಿನ ಗಡಿಗೆ ಆಗುತ್ತದೆ.

ಅದಕ್ಕೇ ಹಿಂಗಾರಿಯಲ್ಲಿ ಮಳೆ ನಿಂತ ಮೇಲೂ ಬಿಳಿಜೋಳ, ಕಡ್ಲಿ, ಗೋದಿ, ಕುಸುಬಿ ಬೆಳೆಯುತ್ತವೆ. ಒಳಗಿನ ಹಸಿ, ಮೇಲಿನ ಇಬ್ಬನಿ, ಇಷ್ಟೇ ಅವಕ್ಕೆ ಆಧಾರ. ಎಡೆ ಹೊಡೆದರೆ ಬಿರುಕು ಮುಚ್ಚುತ್ತದೆ. ಹಸಿ ಆರುವುದು ಕಡಿಮೆ ಆಗುತ್ತದೆ. ಇದನ್ನು ನಮ್ಮ ಹಿರಿಯರು ಹೊಲ ನೋಡಿ ಕಲಿತರು. ಯಾವ ಸಾಲೆಯಲ್ಲೂ ಕಲಿಯಲಿಲ್ಲ.

ಅವರು ಒಂದೇ ಬೆಳೆ ಹಾಕುತ್ತಿರಲಿಲ್ಲ. ಹತ್ತಿಯ ಜೊತೆ ಮೆಣಸಿನಕಾಯಿ, ಉಳ್ಳಾಗಡ್ಡಿ ಇಟ್ಟರು. ಜೋಳದ ನಡುವೆ ಅಕ್ಕಡಿ ಸಾಲು ಬಿಟ್ಟರು. ಮುಂಗಾರಿಯಲ್ಲಿ ಹೆಸರು ಬೆಳೆದು ಹಿಂಗಾರಿಗೆ ಜೋಳ ಬಿತ್ತಿದರು. ಇದರಲ್ಲಿ ಎರಡು ಲಾಭ. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕೈ ಹಿಡಿಯುತ್ತದೆ. ಇನ್ನೊಂದು ಲಾಭ ಮಣ್ಣಿಗೆ. ಹೆಸರು, ಕಡ್ಲಿ, ತೊಗರಿ ಗಿಡ ಕಿತ್ತು ಬೇರು ನೋಡ್ರಿ. ಸಣ್ಣ ಸಣ್ಣ ಗಂಟು ಕಾಣುತ್ತವೆ. ಆ ಗಂಟಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಇರುತ್ತವೆ. ಅವು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಗೊಬ್ಬರ ಮಾಡಿ ಕೊಡುತ್ತವೆ. ಇದು ಪುಕ್ಕಟೆ ಗೊಬ್ಬರ.

ಊರ ಕೆರೆ

ನಮ್ಮ ಬಯಲಿನಲ್ಲಿ ಎಷ್ಟೋ ಕಡೆ ಬಾವಿ ನೀರು ಉಪ್ಪು. ಬೋರು ಹೊಡೆದರೂ ಸವಳು ನೀರು. ಬ್ಯಾಳಿ ಬೇಯುವುದಿಲ್ಲ. ಬಾಯಿಗೆ ಹಾಕಲು ಆಗುವುದಿಲ್ಲ. ಅದಕ್ಕೇ ಹಿರಿಯರು ಕೆರೆ ಕಟ್ಟಿದರು. ಮಳೆ ನೀರು ಸಿಹಿ ನೀರು. ಅದನ್ನು ಕೆರೆಯಲ್ಲಿ ಹಿಡಿದು ವರ್ಷವಿಡೀ ಕುಡಿದರು.

1970ರ ದಶಕದಲ್ಲಿ ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭಾ ನದಿಗೆ ಆಣೆಕಟ್ಟು ಆಯಿತು. ಕಾಲುವೆ ಬಂತು. ಆಮೇಲೆ ನಮ್ಮ ಕಡೆಯ ಹಲವು ಕೆರೆಗಳಿಗೆ ಕಾಲುವೆ ನೀರು ತುಂಬಿಸುವುದು ಶುರುವಾಯಿತು. ಈಗ ಹಲವು ಊರುಗಳಿಗೆ ನಳ ಬಂದಿದೆ. ಆದರೂ ನಳದಲ್ಲಿ ನೀರು ನಿಂತ ದಿನ ಕೊಡ ಹೊತ್ತ ಕಾಲು ಕೆರೆಯ ಕಡೆಗೇ ತಿರುಗುತ್ತವೆ.

ಕೆರೆ ಒಬ್ಬರ ಸೊತ್ತಲ್ಲ. ಊರಿನ ಸೊತ್ತು. ಅದಕ್ಕೇ ಕೆರೆಗೆ ಕೆಲವು ಕಟ್ಟಳೆ ಇವೆ. ಕುಡಿಯುವ ನೀರಿನ ಕೆರೆಗೆ ದನ ಇಳಿಸಬಾರದು. ಬಟ್ಟೆ ಒಗೆಯಬಾರದು. ಎಷ್ಟೋ ಊರಲ್ಲಿ ಚಪ್ಪಲಿ ಬಿಟ್ಟು ಕೆರೆಗೆ ಇಳಿಯುತ್ತಾರೆ. ಈ ಕಟ್ಟಳೆಯನ್ನು ಪೊಲೀಸರು ಕಾಯುವುದಿಲ್ಲ. ನೀರಿಗೆ ಬಂದ ಹೆಣ್ಣುಮಕ್ಕಳೇ ಕಾಯುತ್ತಾರೆ. "ಏ ತಮ್ಮಾ, ಅಲ್ಲಿ ಕಾಲು ತೊಳಿಬ್ಯಾಡಪಾ" ಅಂತ ಒಬ್ಬ ಅವ್ವ ಗದರಿಸಿದರೆ ಸಾಕು. ಕೆರೆ ಉಳಿದಿರುವುದು ಆ ದನಿಯಿಂದ.

ಬ್ಯಾಸಗಿಯಲ್ಲಿ ಕೆರೆ ಬತ್ತಿದಾಗ ಹೂಳು ತೆಗೆಯುತ್ತಾರೆ. ಹೂಳು ಹೊಲಕ್ಕೆ ಗೊಬ್ಬರ. ಕೆರೆಗೆ ಜಾಗ, ಹೊಲಕ್ಕೆ ಸಾರ. ಒಂದೇ ಕೆಲಸಕ್ಕೆ ಎರಡು ಲಾಭ.

ಕೆರೆ ಚೆನ್ನಾಗಿದ್ದರೆ ಹಕ್ಕಿಗಳೂ ಬರುತ್ತವೆ. ನಮ್ಮ ನೆರೆಯ ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನಲ್ಲಿ ಮಾಗಡಿ ಎಂಬ ಊರಿದೆ. ಅಲ್ಲಿಯ ಕೆರೆಗೆ ಚಳಿಗಾಲದಲ್ಲಿ ಪಟ್ಟೆ ತಲೆಯ ಹೆಬ್ಬಾತುಗಳು ಬರುತ್ತವೆ. ಎಲ್ಲಿಂದ? ಮಂಗೋಲಿಯಾದಂಥ ದೂರದ ಚಳಿ ನಾಡಿನಿಂದ. ಹಿಮಾಲಯ ಪರ್ವತ ದಾಟಿ ಬರುತ್ತವೆ. ಸಾವಿರಾರು ಹಕ್ಕಿಗಳು ಅಲ್ಲಿ ಚಳಿಗಾಲ ಕಳೆಯುತ್ತವೆ. 2024ರಲ್ಲಿ ಮಾಗಡಿ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ರಾಮ್ಸಾರ್ ಪಟ್ಟಿ ಅಂದರೆ ಇಡೀ ಲೋಕವೇ ಕಾಪಾಡಬೇಕಾದ ಕೆರೆ ಮತ್ತು ಜೌಗು ನೆಲಗಳ ಪಟ್ಟಿ. ಹಳ್ಳಿಯ ಕೆರೆಗೂ ಲೋಕದಲ್ಲಿ ಬೆಲೆ ಇದೆ.

ನೆನಪಿಡ್ರಿ: ಕೆರೆ ನೀರನ್ನು ಸೋಸಿ, ಕುದಿಸಿ, ಆರಿಸಿ ಕುಡಿಯಬೇಕು. ನೋಡಲು ತಿಳಿಯಾಗಿದ್ದರೂ ಅದರಲ್ಲಿ ರೋಗದ ಸೂಕ್ಷ್ಮ ಜೀವಿ ಇರಬಹುದು.

ಮುಯ್ಯಿ

ಮುಯ್ಯಿ ಗೊತ್ತಲ್ಲ? ಇವತ್ತು ನಾನು ನಿನ್ನ ಹೊಲಕ್ಕೆ. ನಾಳೆ ನೀನು ನನ್ನ ಹೊಲಕ್ಕೆ. ಕೂಲಿ ದುಡ್ಡು ಇಲ್ಲ. ಆಳಿಗೆ ಆಳು.

ಒಂದು ಲೆಕ್ಕ ಮಾಡೋಣ. ಐದು ಮಂದಿ ಹೆಣ್ಣುಮಕ್ಕಳು ಇದ್ದಾರೆ ಅಂದುಕೊಳ್ಳಿ. ಒಬ್ಬೊಬ್ಬರ ಕಡ್ಲಿ ಹೊಲ ಕೀಳಲು ಒಬ್ಬರಿಗೆ 5 ದಿನ ಬೇಕು. ಎಲ್ಲರೂ ಬೇರೆ ಬೇರೆ ಕಿತ್ತರೆ 5 ದಿನ. ಮುಯ್ಯಿ ಮಾಡಿದರೆ ದಿನಕ್ಕೆ ಒಂದು ಹೊಲ ಮುಗಿಯುತ್ತದೆ. ಐದು ಹೊಲಕ್ಕೆ ಮತ್ತೆ 5 ದಿನ. "ಹಂಗಾದರ ಲಾಭ ಏನ ಬಂತು?" ಅಂತ ಕೇಳಬಹುದು.

ಲಾಭ ಇದೆ. ಎಲ್ಲರ ಕಡ್ಲಿ ಒಂದೇ ದಿನ ಹಣ್ಣಾಗುವುದಿಲ್ಲ. ಯಾರ ಹೊಲ ಮೊದಲು ಒಣಗಿತೋ ಅಲ್ಲಿಗೆ ಐದೂ ಮಂದಿ ಹೋಗುತ್ತಾರೆ. ಬೆಳಗಿನ ಇಬ್ಬನಿ ಇರುವಾಗಲೇ ಕಡ್ಲಿ ಕೀಳಬೇಕು. ಬಿಸಿಲು ಏರಿದರೆ ಕಾಯಿ ಉದುರುತ್ತವೆ. ಒಬ್ಬಳೇ ಐದು ದಿನ ಕೀಳುತ್ತಾ ಕೂತರೆ ಕೊನೆಯ ದಿನದ ಹೊತ್ತಿಗೆ ಕಾಯಿ ನೆಲದ ಪಾಲು. ಐದು ಮಂದಿ ಒಂದೇ ದಿನ ಕಿತ್ತರೆ ಕಾಳು ಮನೆಯ ಪಾಲು. ಜಡ್ಡಾದ ಹೆಣ್ಣುಮಗಳ ಹೊಲವೂ ಮುಯ್ಯಿಯಲ್ಲಿ ನಡೆದುಹೋಗುತ್ತದೆ. ಆಕೆ ಮುಂದೆ ತೀರಿಸುತ್ತಾಳೆ.

ಮುಯ್ಯಿ ಹೊಲದಲ್ಲಿ ಮಾತ್ರ ಅಲ್ಲ. ಬ್ಯಾಸಗಿಯಲ್ಲಿ ಶಾವಿಗಿ, ಹಪ್ಪಳ, ಸಂಡಿಗಿ ಮಾಡುವಾಗ ಓಣಿಯ ಹೆಣ್ಣುಮಕ್ಕಳು ಕೂಡುತ್ತಾರೆ. ಮದುವೆ ಮನೆಗೆ ರೊಟ್ಟಿ ಬೇಕಾದರೆ ಓಣಿಯ ಮನೆಮನೆಗೆ ಹಿಟ್ಟು ಹಂಚುತ್ತಾರೆ. ಸಂಜೆಗೆ ಬುಟ್ಟಿ ಬುಟ್ಟಿ ರೊಟ್ಟಿ ಬಂದು ಬೀಳುತ್ತವೆ. ಬಾಣಂತಿ ಇದ್ದ ಮನೆಗೆ, ಸತ್ತವರ ಮನೆಗೆ ನೆರೆಯವರೇ ಬುತ್ತಿ ಒಯ್ಯುತ್ತಾರೆ. ಹನಿ ಹನಿ ಕೂಡಿದರ ಹಳ್ಳ, ತೆನಿ ತೆನಿ ಕೂಡಿದರ ಬಳ್ಳ ಅಂತ ಗಾದೆ ಇದೆಯಲ್ಲ, ಅದು ಇದೇ.

ಜನ ಹೀಗೆ ಕೂಡಿ ಬಾಳಿದ್ದರಿಂದ ಕಷ್ಟದಲ್ಲೂ ಕೂಡಿ ನಿಂತರು. ಮಲಪ್ರಭಾ ಕಾಲುವೆ ಬಂದ ಮೇಲೆ ಸರಕಾರ ರೈತರ ಮೇಲೆ ಕರ ಹಾಕಿತು. ಎಷ್ಟೋ ಹೊಲಗಳಿಗೆ ನೀರೇ ಮುಟ್ಟಿರಲಿಲ್ಲ. ಆದರೂ ಕರ ಕೊಡಿ ಅಂದರು. 1980ರ ಜುಲೈ 21ರಂದು ನವಲಗುಂದ ಮತ್ತು ನರಗುಂದದಲ್ಲಿ ರೈತರು ಬೀದಿಗೆ ಇಳಿದರು. ಗೋಲಿಬಾರ್ ಆಯಿತು. ಜೀವಗಳು ಹೋದವು. ಇಂದಿಗೂ ಪ್ರತಿ ವರ್ಷ ಜುಲೈ 21ರಂದು ಸತ್ತ ರೈತರನ್ನು ನೆನೆಯುತ್ತಾರೆ. ನೀರು, ನೆಲದ ಮೇಲಿನ ಪ್ರೀತಿ ಹಬ್ಬದ ದಿನಕ್ಕೆ ಮಾತ್ರ ಮೀಸಲಲ್ಲ.

ಭೂತಾಯಿಗೆ ಚರಗ

ನಮ್ಮ ಹಬ್ಬಗಳನ್ನು ನೋಡ್ರಿ. ಒಂದೊಂದು ಹಬ್ಬ ಒಂದೊಂದು ಜೀವಕ್ಕೆ. ಕಾರ ಹುಣ್ಣಿವಿ ಎತ್ತಿಗೆ. ಮಣ್ಣೆತ್ತಿನ ಅಮವಾಸಿ ಮಣ್ಣಿಗೆ ಮತ್ತು ಎತ್ತಿಗೆ. ಪಂಚಮಿ ನಾಗಪ್ಪನಿಗೆ. ಶೀಗಿ ಹುಣ್ಣಿವಿ ಮತ್ತು ಎಳ್ಳಮವಾಸಿ ಭೂತಾಯಿಗೆ.

ಶೀಗಿ ಹುಣ್ಣಿವಿಯ ಹೊತ್ತಿಗೆ ಪೈರು ಹಸಿರಾಗಿ ನಿಂತಿರುತ್ತದೆ. ಆಗ ಭೂತಾಯಿ ಬಸುರಿ ಅಂತ ನಮ್ಮವರು ತಿಳಿಯುತ್ತಾರೆ. ಬಸುರಿ ಹೆಣ್ಣುಮಗಳಿಗೆ ಬಯಕೆಯ ಊಟ ಮಾಡಿ ಬಡಿಸುವುದಿಲ್ಲವೇ? ಹಾಗೆಯೇ ಭೂತಾಯಿಗೂ ಬಡಿಸುತ್ತಾರೆ. ಹೋಳಿಗಿ, ಕಡಬು, ಸಜ್ಜಿ ರೊಟ್ಟಿ, ಎಣಗಾಯಿ, ಕಾಳು ಪಲ್ಲೆ, ಗುರೆಳ್ಳ ಚಟ್ನಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಮೊದಲು ಪೂಜೆ. ಆಮೇಲೆ ಹೊಲದ ತುಂಬ ಚರಗ ಚೆಲ್ಲುತ್ತಾರೆ. ಆಮೇಲೆ ಜನ ಉಣ್ಣುತ್ತಾರೆ.

ಚರಗ ಚೆಲ್ಲಿದರೆ ಅನ್ನ ಹಾಳಲ್ಲವೇ? ಹಾಳಲ್ಲ. ಅದನ್ನು ಹಕ್ಕಿ ತಿನ್ನುತ್ತದೆ. ಇರುವೆ ತಿನ್ನುತ್ತದೆ. ಹಕ್ಕಿ ಬಂದ ಹೊಲದಲ್ಲಿ ಕಾಯಿ ಕೊರೆಯುವ ಹುಳವನ್ನೂ ಹೆಕ್ಕಿ ತಿನ್ನುತ್ತದೆ. "ಈ ಹೊಲ ನಮ್ಮದೊಬ್ಬರದೇ ಅಲ್ಲ, ಹಕ್ಕಿ ಹುಳಕ್ಕೂ ಪಾಲು ಐತಿ" ಅನ್ನುವ ಪಾಠ ಅದರಲ್ಲಿ ಇದೆ. ಸ್ವಂತ ಹೊಲ ಇಲ್ಲದವರನ್ನೂ ಆ ದಿನ ಕರೆದು ಉಣ್ಣಿಸುವ ರೂಢಿ ಇದೆ.

ಜಾತಿ ಧರ್ಮ ಮೀರಿ ಕೂಡುವ ಜಾಗವೂ ನಮ್ಮಲ್ಲಿ ಇದೆ. ಬೆಣ್ಣಿಹಳ್ಳದ ದಂಡೆಯ ಯಮನೂರಿಗೆ ಹಿಂದೂಗಳೂ ಹೋಗುತ್ತಾರೆ, ಮುಸಲ್ಮಾನರೂ ಹೋಗುತ್ತಾರೆ. ಅದೇ ಹಳ್ಳ ಮಳೆಗಾಲದಲ್ಲಿ ಉಕ್ಕಿ ಹರಿದು ಹೊಲಗಳನ್ನು ಮುಳುಗಿಸುತ್ತದೆ. ಆಗಲೂ ಹಳ್ಳ ಯಾರ ಜಾತಿ ಕೇಳುವುದಿಲ್ಲ.

ಬೀಜದ ಗಡಿಗೆ ಬರಿದಾದದ್ದು

ಹಿಂದೆ ಪ್ರತಿ ಮನೆಯಲ್ಲೂ ಬೀಜದ ಗಡಿಗೆ ಇರುತ್ತಿತ್ತು. ಅದರ ಒಡತಿ ಮನೆಯ ಹೆಣ್ಣುಮಗಳು. ಯಾವ ತೆನೆ ಬೀಜಕ್ಕೆ, ಯಾವ ತೆನೆ ರೊಟ್ಟಿಗೆ ಅಂತ ಆರಿಸುವವಳು ಆಕೆ. ಕಾಳು ಚೆನ್ನಾಗಿ ಒಣಗಿಸುತ್ತಿದ್ದಳು. ಬೂದಿ ಬೆರೆಸುತ್ತಿದ್ದಳು. ಬೇವಿನ ಎಲೆ ಹಾಕುತ್ತಿದ್ದಳು. ಗಡಿಗೆಯ ಬಾಯಿಗೆ ಸೆಗಣಿ ಮೆತ್ತುತ್ತಿದ್ದಳು. ಬೂದಿ ಹಸಿ ಹೀರುತ್ತದೆ. ಬೇವು ಹುಳ ಬಿಡುವುದಿಲ್ಲ. ಸವತಿ, ಹೀರಿ, ಕುಂಬಳದ ಬೀಜವನ್ನು ಸೆಗಣಿಯಲ್ಲಿ ಒತ್ತಿ ಗೋಡೆಗೆ ಹಚ್ಚುತ್ತಿದ್ದಳು.

ಬಿತ್ತುವ ಕಾಲಕ್ಕೆ ಒಬ್ಬರ ಹತ್ತಿರ ಬೀಜ ಇಲ್ಲದಿದ್ದರೆ ಇನ್ನೊಬ್ಬರು ಕೊಡುತ್ತಿದ್ದರು. ಸುಗ್ಗಿಯಲ್ಲಿ ಒಂದಕ್ಕೆ ಎರಡು ತಿರುಗಿ ಕೊಡುತ್ತಿದ್ದರು. ಹೀಗೆ ಬೀಜ ಊರೆಲ್ಲಾ ಓಡಾಡುತ್ತಿತ್ತು. ಒಂದು ಮನೆಯ ಗಡಿಗೆಗೆ ಹುಳ ಬಿದ್ದರೂ ಬೀಜ ಊರಿನಿಂದ ಹೋಗುತ್ತಿರಲಿಲ್ಲ.

ಆಮೇಲೆ ಏನಾಯಿತು? ಅಂಗಡಿ ಬೀಜ ಬಂತು. ಇಳುವರಿ ಹೆಚ್ಚು ಅಂದರು. ಕೆಲವು ವರ್ಷ ಹೆಚ್ಚು ಬಂತು ಕೂಡ. 2002ರಲ್ಲಿ ಬಿಟಿ ಹತ್ತಿಗೆ ಸರಕಾರ ಒಪ್ಪಿಗೆ ಕೊಟ್ಟಿತು. ನಮ್ಮ ಜಯಧರ ಹತ್ತಿ ಹಿಂದೆ ಸರಿಯಿತು. ಹೈಬ್ರಿಡ್ ಬೀಜದ ಬೆಳೆಯಿಂದ ಮತ್ತೆ ಬೀಜ ಹಿಡಿದರೆ ಮುಂದಿನ ಬೆಳೆ ಒಂದೇ ಸಮ ಬರುವುದಿಲ್ಲ. ಅದಕ್ಕೇ ಪ್ರತಿ ವರ್ಷ ಬೀಜ ಕೊಳ್ಳಬೇಕು. ಬೀಜಕ್ಕೆ ದುಡ್ಡು. ಗೊಬ್ಬರಕ್ಕೆ ದುಡ್ಡು. ಎಣ್ಣೆ ಹೊಡೆಯಲು ದುಡ್ಡು. ಮಳೆ ಕೈಕೊಟ್ಟರೆ ಸಾಲ ಮಾತ್ರ ಉಳಿಯುತ್ತದೆ.

ಗಡಿಗೆ ಬರಿದಾದಾಗ ಬೀಜ ಮಾತ್ರ ಹೋಗಲಿಲ್ಲ. ಸಾವಿ, ನವಣಿ, ಬರಗು ಊಟದಿಂದ ಹೋದವು. "ಅಕ್ಕಾ, ಒಂದು ಸೇರು ಬೀಜ ಕೊಡವಾ" ಅಂತ ನೆರೆಮನೆಗೆ ಹೋಗುವ ಕಾರಣವೂ ಹೋಯಿತು. ಮುಖ್ಯವಾಗಿ, ಬೀಜದ ವಿಷಯದಲ್ಲಿ ಹೆಣ್ಣುಮಗಳ ಮಾತು ಹೋಯಿತು. ಅಂಗಡಿಗೆ ಹೋಗಿ ಬೀಜ ತರುವವರು ಗಂಡಸರು. ಯಾವ ಬೀಜ ಅಂತ ಆರಿಸುವವರೂ ಅವರೇ ಆದರು.

ಗಡಿಗೆ ಮತ್ತೆ ತುಂಬಿದ ಊರು

ಹೋದದ್ದು ಮತ್ತೆ ಬರುತ್ತದೆಯೇ? ಬರುತ್ತದೆ. ದೂರ ಹೋಗುವುದು ಬೇಡ. ನಮ್ಮ ಜಿಲ್ಲೆಯ ಕುಂದಗೋಳ ತಾಲೂಕಿನಲ್ಲಿ ತೀರ್ಥ ಎಂಬ ಹಳ್ಳಿ ಇದೆ. ಅಲ್ಲಿ 2018ರಲ್ಲಿ 15 ಮಂದಿ ಹೆಣ್ಣುಮಕ್ಕಳು ಕೂಡಿ ಒಂದು ಸ್ವಸಹಾಯ ಸಂಘ ಕಟ್ಟಿದರು. ಹೆಸರು ಬೀಬಿ ಫಾತಿಮಾ ಸ್ವಸಹಾಯ ಸಂಘ.

ಅವರು ಏನು ಮಾಡಿದರು? ಬಿಟ್ಟು ಹೋದ ಸಿರಿಧಾನ್ಯಗಳನ್ನು ಮತ್ತೆ ಬೆಳೆದರು. ಸಿರಿಧಾನ್ಯ ಅಂದರೆ ಸಾವಿ, ನವಣಿ, ಬರಗಿನಂಥ ಸಣ್ಣ ಕಾಳು. ಇವಕ್ಕೆ ನೀರು ಕಡಿಮೆ ಸಾಕು. ಬೇಗ ಕೈಗೆ ಬರುತ್ತವೆ. ನಾರು ಇದೆ, ಶಕ್ತಿ ಇದೆ. ಒಂದೇ ಬೆಳೆಯ ಬದಲು ಹಲವು ಬೆಳೆ ಕೂಡಿಸಿ ಬಿತ್ತುವುದನ್ನು ರೈತರಿಗೆ ತೋರಿಸಿದರು. ನಾಟಿ ಬೀಜ ಕೂಡಿಟ್ಟು ಬೀಜದ ಬ್ಯಾಂಕು ಮಾಡಿದರು. ದುಡ್ಡಿನ ಬ್ಯಾಂಕಿನಲ್ಲಿ ದುಡ್ಡು ಇಡುತ್ತೇವೆ, ತೆಗೆಯುತ್ತೇವೆ. ಬೀಜದ ಬ್ಯಾಂಕಿನಲ್ಲಿ ಬೀಜ ಇಡುತ್ತಾರೆ, ಒಯ್ಯುತ್ತಾರೆ. ಈ ಕೆಲಸಕ್ಕೆ ಸಹಜ ಸಮೃದ್ಧ ಎಂಬ ಸಂಸ್ಥೆ ಜೊತೆಗೆ ನಿಂತಿತು.

ಸಿರಿಧಾನ್ಯದಲ್ಲಿ ಒಂದು ತೊಂದರೆ ಇದೆ. ಕಾಳಿನ ಸಿಪ್ಪೆ ಗಟ್ಟಿ. ಒನಕೆಯಿಂದ ಕುಟ್ಟಿ ಕುಟ್ಟಿ ಹೆಣ್ಣುಮಕ್ಕಳ ರಟ್ಟೆ ಸೋಲುತ್ತಿತ್ತು. ಈ ಬೆಳೆ ಬಿಡಲು ಅದೂ ಒಂದು ಕಾರಣ. ತೀರ್ಥದ ಹೆಣ್ಣುಮಕ್ಕಳು ಸಿಪ್ಪೆ ತೆಗೆಯುವ ಯಂತ್ರ ಹಾಕಿಸಿದರು. ಅದು ಬಿಸಿಲಿನ ವಿದ್ಯುತ್ತಿನಿಂದ ನಡೆಯುತ್ತದೆ. ನಡೆಸುವವರು ಹೆಣ್ಣುಮಕ್ಕಳೇ. ಒನಕೆ ಕೆಲಸ ತಪ್ಪಿತು. ಸಾವಿ ಅಕ್ಕಿ ಮಾರಾಟವೂ ಆಯಿತು. ಕೈಗೆ ನಾಲ್ಕು ಕಾಸು ಬಂತು.

ಕೆಲಸ ಸುಮಾರು 30 ಹಳ್ಳಿಗಳಿಗೆ ಹಬ್ಬಿತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯದ ವರ್ಷ ಅಂತ ಸಾರಿತ್ತು. 2025ರಲ್ಲಿ ಈ ಸಂಘಕ್ಕೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದವರು ಇಕ್ವೇಟರ್ ಬಹುಮಾನ ಕೊಟ್ಟರು. ಇಡೀ ಲೋಕದಲ್ಲಿ ಆ ವರ್ಷ ಈ ಬಹುಮಾನ ಸಿಕ್ಕಿದ್ದು 10 ಗುಂಪುಗಳಿಗೆ ಮಾತ್ರ. ಅದರಲ್ಲಿ ಒಂದು ನಮ್ಮ ಕುಂದಗೋಳ ತಾಲೂಕಿನದು. ಬಹುಮಾನದ ಹಣ 10,000 ಡಾಲರ್. ನಮ್ಮ ದುಡ್ಡಿನಲ್ಲಿ 8 ಲಕ್ಷ ರೂಪಾಯಿಗೂ ಹೆಚ್ಚು.

ಈಗ ಯೋಚನೆ ಮಾಡ್ರಿ. ಅವರು ಮಾಡಿದ್ದು ಯಾವ ಹೊಸ ಕೆಲಸ? ಬೀಜ ಆರಿಸುವುದು, ಕಾಯುವುದು, ಕೊಡುವುದು, ತಿರುಗಿ ಪಡೆಯುವುದು. ಇದನ್ನು ನಮ್ಮ ಅಜ್ಜಿಯರು ಹಗಲೂ ಇರುಳೂ ಮಾಡಿದರು. ಆಗ ಯಾರೂ ಬಹುಮಾನ ಕೊಡಲಿಲ್ಲ. ಅದನ್ನು ಕೆಲಸ ಅಂತಲೂ ಎಣಿಸಲಿಲ್ಲ. ತೀರ್ಥದ ಹೆಣ್ಣುಮಕ್ಕಳು ಅದೇ ಕೆಲಸವನ್ನು ಕೂಡಿ ಮಾಡಿದರು. ಲೆಕ್ಕ ಬರೆದು ಮಾಡಿದರು. ಆಗ ಲೋಕಕ್ಕೆ ಅದರ ಬೆಲೆ ಕಂಡಿತು.

ಹೂವಿನ ಜೊತೆ ಮುಳ್ಳು

ನಮ್ಮೂರು ಚೆಂದ ನಿಜ. ಆದರೆ ಎಲ್ಲರಿಗೂ ಚೆಂದವೇ? ಈ ಪ್ರಶ್ನೆಯನ್ನೂ ಕೇಳಬೇಕು.

ಕೆರೆ ಊರಿನ ಸೊತ್ತು ಅಂತ ಓದಿದೆವು. ಆದರೆ ಹಿಂದೆ ಎಷ್ಟೋ ಊರಲ್ಲಿ ಕೆಲವು ಜಾತಿಯವರನ್ನು ಕೆರೆ ಮೆಟ್ಟಿಲು ಇಳಿಯಲು ಬಿಡುತ್ತಿರಲಿಲ್ಲ. ಅವರು ಕೊಡ ಹಿಡಿದು ದೂರ ನಿಲ್ಲಬೇಕಿತ್ತು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ ಅಸ್ಪೃಶ್ಯತೆಯನ್ನು ತೆಗೆದುಹಾಕಿತು. ಕೆರೆ, ಬಾವಿ ಎಲ್ಲರವು ಅಂತ ಹೇಳಿತು. ಕಾನೂನು ಬಂದರೂ ಮನಸ್ಸು ತಿರುಗಲು ತಡ ಆಗುತ್ತದೆ. ಒಬ್ಬರನ್ನು ದೂರ ನಿಲ್ಲಿಸಿದ ಊರನ್ನು ಒಗ್ಗಟ್ಟಿನ ಊರು ಅನ್ನಲು ಬರುವುದಿಲ್ಲ.

ಗಂಡ ಸತ್ತ ಹೆಣ್ಣುಮಗಳನ್ನು ಆರತಿಗೆ ಕರೆಯುವುದಿಲ್ಲ. ಆದರೆ ರೊಟ್ಟಿ ಬಡಿಯಲು ಕರೆಯುತ್ತಾರೆ. ಇದು ಸರಿಯೇ? ನೆರೆಮನೆಯವರು ಕಷ್ಟಕ್ಕೆ ಓಡಿ ಬರುತ್ತಾರೆ. ಅವರೇ "ಆಕಿ ಎಲ್ಲಿ ಹೋದಳು, ಯಾಕ ಹೋದಳು" ಅಂತ ಆಡಿಕೊಳ್ಳುವುದೂ ಉಂಟು. ಅಕ್ಷರ ಕಲಿಯಲು ಹೊರಟವರನ್ನೂ ಹೀಗೆ ಆಡಿಕೊಂಡದ್ದು ನಮಗೆ ಗೊತ್ತಲ್ಲ.

ಇನ್ನೊಂದು ಮಾತು. ಹೊಲದಲ್ಲಿ ದುಡಿಯುವವರು ಹೆಣ್ಣುಮಕ್ಕಳು. ಭೂತಾಯಿಗೆ ಅಡಿಗೆ ಮಾಡುವವರು ಹೆಣ್ಣುಮಕ್ಕಳು. ಆದರೆ ಉತಾರದಲ್ಲಿ ಯಾರ ಹೆಸರು ಇದೆ? ತೆಗೆದು ಓದಿ ನೋಡ್ರಿ. ಈಗ ನಿಮಗೆ ಓದಲು ಬರುತ್ತದೆ. ಹಿಂದೂ ಕುಟುಂಬಗಳಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಇದ್ದಷ್ಟೇ ಹಕ್ಕು ಮಗಳಿಗೂ ಇದೆ. 2005ರಲ್ಲಿ ಇಡೀ ದೇಶಕ್ಕೆ ಆ ಕಾನೂನು ಬಂತು.

ನೆಲಕ್ಕೂ ಮುಳ್ಳು ಚುಚ್ಚಿದೆ. ಎರೆ ಹೊಲಕ್ಕೆ ಕಾಲುವೆ ನೀರು ಅತಿಯಾಗಿ ಬಿಟ್ಟರೆ ನೀರು ಬಸಿದು ಹೋಗುವುದಿಲ್ಲ. ಒಳಗಿನ ಉಪ್ಪು ಮೇಲೆ ಬರುತ್ತದೆ. ಹೊಲ ಸವಳು ಆಗುತ್ತದೆ. ಬೆಳೆ ಬರುವುದಿಲ್ಲ. ನೀರು ಇಲ್ಲದಿದ್ದರೂ ಕಷ್ಟ, ಹೆಚ್ಚಾದರೂ ಕಷ್ಟ. ಹಿತಮಿತ ಬೇಕು.

ಮುಳ್ಳು ಇದೆ ಅಂತ ಗಿಡ ಕಡಿಯಬಾರದು. ಮುಳ್ಳು ತೆಗೆಯಬೇಕು.

ನಾವು ಏನು ಮಾಡಬಹುದು?

1. ಒಂದು ಗಡಿಗೆ ಬೀಜದಿಂದ ಶುರು ಮಾಡ್ರಿ. ಈ ಸುಗ್ಗಿಯಲ್ಲಿ ಒಳ್ಳೆಯ ಹತ್ತು ತೆನೆ ಆರಿಸ್ರಿ. ಒಣಗಿಸಿ, ಬೂದಿ ಬೆರೆಸಿ ಇಡ್ರಿ. ಗಡಿಗೆಯ ಮೇಲೆ ಚೀಟಿ ಅಂಟಿಸ್ರಿ. ಬೀಜದ ಹೆಸರು, ತಿಂಗಳು, ವರ್ಷ ಬರೀರಿ. ನೀವು ಕಲಿತ ಅಕ್ಷರಕ್ಕೆ ಇದು ಒಳ್ಳೆಯ ಕೆಲಸ.

2. ಸಂಘದಲ್ಲಿ ಬೀಜದ ವಹಿ ಇಡ್ರಿ. ಯಾರು ಎಷ್ಟು ಒಯ್ದರು, ಎಷ್ಟು ತಿರುಗಿ ಕೊಟ್ಟರು ಅಂತ ಬರೀರಿ. ಬಾಯಿ ಮಾತು ಮರೆಯುತ್ತದೆ. ಬರೆದದ್ದು ಉಳಿಯುತ್ತದೆ.

3. ಓಣಿಯ ಹಿರಿಯ ಅವ್ವಂದಿರ ಹತ್ತಿರ ಕೂಡ್ರಿ. ಹಿಂದೆ ಯಾವ ಯಾವ ಬೀಜ ಇದ್ದವು ಅಂತ ಕೇಳಿ ಬರೀರಿ. ಅವರು ಹೋದರೆ ಆ ಜ್ಞಾನವೂ ಹೋಗುತ್ತದೆ.

4. ಗ್ರಾಮಸಭೆಗೆ ಹೋಗ್ರಿ. ಕೆರೆಯ ಹೂಳು, ಕೆರೆಯ ಬೇಲಿ, ಕುಡಿಯುವ ನೀರು, ಇವುಗಳ ಬಗ್ಗೆ ಮಾತಾಡ್ರಿ. ನಮ್ಮ ರಾಜ್ಯದ ಪಂಚಾಯತಿಗಳಲ್ಲಿ ಅರ್ಧ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ಅಲ್ಲಿ ನಮ್ಮ ದನಿ ಕೇಳಬೇಕು.

5. ಮುಯ್ಯಿಗೆ, ಆರತಿಗೆ, ಚರಗದ ಊಟಕ್ಕೆ ಇಲ್ಲಿಯವರೆಗೆ ಕರೆಯದ ಒಬ್ಬರನ್ನು ಈ ಸಲ ಕರೀರಿ.

ಇವುಗಳಲ್ಲಿ ಯಾವುದಕ್ಕೂ ಹೆಚ್ಚು ದುಡ್ಡು ಬೇಡ. ಕೂಡಿ ಮಾಡುವ ಮನಸ್ಸು ಬೇಕು.

ಊರಿನ ಚೆಂದ ಗುಡ್ಡದಲ್ಲಿ ಇಲ್ಲ, ಗುಡಿಯಲ್ಲೂ ಇಲ್ಲ. ಅದು ಕೊಡುವುದರಲ್ಲಿ, ತಿರುಗಿ ಕೊಡುವುದರಲ್ಲಿ ಇದೆ. ಮಣ್ಣಿನಿಂದ ತೆಗೆದುಕೊಂಡದ್ದನ್ನು ಮಣ್ಣಿಗೆ ಕೊಡಬೇಕು. ನೆರೆಯವರಿಂದ ಪಡೆದದ್ದನ್ನು ನೆರೆಯವರಿಗೆ ಕೊಡಬೇಕು. ಕೊಡುವುದು ನಿಂತರೆ ಊರು ಬರೀ ಮನೆಗಳ ಗುಂಪು. ಕೊಡುವುದು ನಡೆದರೆ ಅದು ನಮ್ಮೂರು.

ಕೂಡಿ ಮಾತಾಡ್ರಿ

1. ನಿಮ್ಮೂರಿನಲ್ಲಿ ನಿಮಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು ಯಾವುದು? ಮೂರು ಸಾಲು ಬರೀರಿ.

2. ಎರೆ ಹೊಲದ ಬಿರುಕಿನಿಂದ ಏನು ಉಪಯೋಗ?

3. ನಿಮ್ಮ ಅಜ್ಜಿಯ ಕಾಲದಲ್ಲಿ ಇದ್ದು ಈಗ ಇಲ್ಲದ ಬೀಜ ಯಾವುದು?

4. ತೀರ್ಥದ ಹೆಣ್ಣುಮಕ್ಕಳು ಮಾಡಿದ ಕೆಲಸದಲ್ಲಿ ನಿಮ್ಮೂರಿನಲ್ಲಿ ಯಾವುದನ್ನು ಮಾಡಬಹುದು?

5. ನಿಮ್ಮ ಮನೆಯ ಉತಾರದಲ್ಲಿ ಯಾರ ಹೆಸರು ಇದೆ? ಓದಿ ಬಂದು ಹೇಳ್ರಿ.